ಎಲೆ ಎಲ್ಲಿ

ಮೊದಲು ಕಂಡದ್ದು ಕಣ್ಣು. ಎರಡು, ನೀಲಿ,
ಒಳಗೆ ಬಿಳಿ ಬೊಟ್ಟು, ಸುತ್ತ ಕಾಡಿಗೆ ತೀಡಿದ ಹಾಗೆ.
ಆಮೇಲೆ ಗೊತ್ತಾಯಿತು, ಅವು ಕಣ್ಣಲ್ಲ,
ಬೆನ್ನ ಮೇಲೆ ಬರೆದುಕೊಂಡ ಸುಳ್ಳು.
ನಿಜವಾದ ತಲೆ ಕೆಳಗೆಲ್ಲೋ ಮಡಚಿಕೊಂಡು
ತನ್ನ ಪಾಡಿಗೆ ಮೇಯುತ್ತಿತ್ತು.

ಕಿರುಬೆರಳಷ್ಟು ಉದ್ದ, ಎಳೆ ಹಸಿರು,
ಬಾಲಕ್ಕೊಂದು ಗಿಡ್ಡ ಹಳದಿ ಕೊಂಬು.
ಸರಸ್ವತೀಪುರದ ಹಿತ್ತಲು, ಆರೂವರೆಯ ಬೆಳಕು,
ಹದಿನೇಳು ಪಟ ತೆಗೆದೆ.
ಒಂದನ್ನು ಆರಿಸಿ, ಅಂಚೆಲ್ಲ ಕತ್ತರಿಸಿ,
ಹುಳವನ್ನಷ್ಟೇ ಉಳಿಸಿದೆ
ಪಾಸ್‌ಪೋರ್ಟಿಗೆ ಕೊಡುವ ಪಟದಂತೆ.

ಪುಸ್ತಕದ ಪತಂಗಗಳೆಲ್ಲ ರೆಕ್ಕೆ ಬಿಚ್ಚಿ ಕೂತಿದ್ದವು.
ಬಾಲ್ಯದ ಪಟ ಒಂದರದ್ದೂ ಇಲ್ಲ.
ಮದುವೆ ಆಲ್ಬಮ್ಮಿನಲ್ಲಿ ತೊಟ್ಟಿಲು ಹುಡುಕಿದ ಹಾಗಾಯಿತು.
ಗಂಗೋತ್ರಿಯಲ್ಲಿ ಓದುವ ತಮ್ಮನ ಮಗ
"ಹಾಕ್ ಮಾತ್ ಇರಬಹುದು ಅತ್ತೆ,
ಅದರಲ್ಲೂ ಬೇಕಾದಷ್ಟಿವೆ" ಅಂದ.

ಹೂ ಕೊಯ್ಯಲು ಬರುವ ಕೆಂಪಾಜಮ್ಮನಿಗೆ ತೋರಿಸಿದೆ.
ಬನ್ನೂರಿನಾಚೆ ಇಪ್ಪತ್ತೆರಡು ವರ್ಷ
ರೇಷ್ಮೆಹುಳಕ್ಕೆ ಸೊಪ್ಪು ಹಾಕಿದ ಕೈ
ಫೋನನ್ನು ದೂರ ಹಿಡಿಯಿತು, ಹತ್ತಿರ ಹಿಡಿಯಿತು.
"ಎಲೆ ಎಲ್ಲವ್ವ?
ಏನ್ ತಿಂತಿತ್ತು ಅಂತ ಕಾಣ್ದೆ
ಯಾರು ಅಂತ ಎಂಗ್ ಏಳಾನ?"

ನಂದಿಬಟ್ಟಲು, ಅಂದೆ.
"ಅಂಗನ್ನಿ ಮತ್ತೆ."
ಕುಕ್ಕರುಗಾಲಲ್ಲಿ ಕೂತು ಗಿಡದಡಿಯ ಹಿಕ್ಕೆ ಹೆಕ್ಕಿದರು,
ಮೆಣಸಿನ ಕಾಳಿನಷ್ಟು ದಪ್ಪ.
ಬೆರಳಲ್ಲಿ ಹಿಸುಕಿ ನೋಡಿ
"ನಾಕ್ನೇ ಜ್ವರ ಎದ್ದದೆ" ಅಂದರು.

ಮೂರನೇ ದಿನ ಹಸಿರೆಲ್ಲ ಇಳಿದು
ಬೆನ್ನು ಕಾಫಿಪುಡಿಯ ಬಣ್ಣಕ್ಕೆ ತಿರುಗಿತು.
ಮೇವು ಬಿಟ್ಟಿತು. ಕೊಂಬೆಯುದ್ದಕ್ಕೂ ಚಡಪಡಿಕೆ.
ಔಷಧಿ ಏನಾದರೂ ತಗುಲಿತೋ ಎಂದು ಹೆದರಿ ಕರೆದೆ.
"ಕಾಯ್ಲೆ ಅಲ್ಲ ಕನವ್ವ, ಹಣ್ಣಾಗದೆ.
ಇದುಕ್ಕೆ ಚಂದ್ರಿಕೆ ಬ್ಯಾಡ, ಮಣ್ಣು ಸಾಕು.
ಬಿಸಿನೀರ್ಗೆ ಹಾಕೋರೂ ಇಲ್ಲ..."
ಅಂದವರು ಯಾಕೋ ಅಲ್ಲಿಗೇ ನಿಲ್ಲಿಸಿ
ಮಡಿಲ ಹೂವನ್ನು ಬುಟ್ಟಿಗೆ ಸುರಿದರು.

ಸಂಜೆಯೊಳಗೆ ಅದು ಬುಡದ ತರಗಿನಡಿ ಇಳಿಯಿತು.

ರಾತ್ರಿ, ಕತ್ತರಿಸದ ಪಟ ತೆರೆದೆ.
ಎಲೆ ಇತ್ತು, ಅರ್ಧ ತಿಂದದ್ದು,
ತೊಟ್ಟಿನಲ್ಲಿ ಒಂದು ಹನಿ ಹಾಲು.
ಬಲ ಮೂಲೆಯಲ್ಲಿ, ಮಸುಕಾಗಿ,
ಹೂ ಬಿಡಿಸುತ್ತಿದ್ದ ಮೂರು ಬೆರಳು,
ಒಂದು ಹಸಿರು ಗಾಜಿನ ಬಳೆ.

ಈಗ ಅದನ್ನೇ ಇಟ್ಟುಕೊಂಡಿದ್ದೇನೆ.
ಹೆಸರಿನ ಜಾಗದಲ್ಲಿ ಗಿಡದ ಹೆಸರಿದೆ.
ನೀರು ಹಾಕುವಾಗ
ಆ ಒಂದು ಗೇಣು ಬಿಟ್ಟು ಹಾಕುತ್ತೇನೆ.