ಹನ್ನೆರಡನೆಯವನು

ಓಡ್ವಾರ್ ಕ್ವಾಲ್ನೆಸ್‌ನ ಬಗ್ಗೆ
ನಾಲ್ಕು ಮಾತು ಆಡು ಎಂದಿದ್ದಾರೆ ಕ್ಲಬ್ಬಿನವರು.
ಅವರು ನನ್ನನ್ನು ಆಡು ಎಂದದ್ದು ಇದು ಎರಡನೆಯ ಸಲ.
ಮೊದಲನೆಯದರ ಕಥೆ ಆಮೇಲೆ ಬರುತ್ತದೆ.

ಹದಿಮೂರು ವರ್ಷ ಅವನನ್ನೇ ನೋಡುತ್ತ
ಬೆಂಚು ಸವೆಸಿದವನು ನಾನು,
ಹತ್ತರೊಡನೆ ಹನ್ನೊಂದೂ ಆಗದ
ಹನ್ನೆರಡನೆಯವನು.

ನಮ್ಮದು ಮೀನಿನ ಊರು, ನಾರ್ವೆಯ ನೆತ್ತಿಯ ಮೇಲೆ.
ಮೈದಾನಕ್ಕೆ ಹುಲ್ಲಿರಲಿಲ್ಲ ಆಗ, ಬರೀ ಜಲ್ಲಿಪುಡಿ.
ಹಾರಿ ಬಿದ್ದರೆ ಸೊಂಟದ ಚರ್ಮ
ಸಿಪ್ಪೆಯ ಹಾಗೆ ಸುಲಿದು ಬರುತ್ತಿತ್ತು.
ಅವನ ತಾಯಿ ಗುನ್‌ವೋರ್, ಮೀನು ಕೊಯ್ಯುವ ಶೆಡ್ಡಿನವಳು,
ಹಳೆಯ ಸ್ವೆಟರಿನ ತೋಳು ಕತ್ತರಿಸಿ
ಚಡ್ಡಿಯ ಒಳಬದಿಗೆ ಹೊಲಿದುಕೊಟ್ಟಳು.
ನಾವು ಮೊದಲ ಡಿವಿಷನ್ನಿಗೆ ಏರಿದ ವರ್ಷವೂ
ಆ ಎರಡು ತುಂಡು ಉಣ್ಣೆ ಅವನ ಸೊಂಟದಲ್ಲೇ ಇದ್ದವು,
ಮೀನೆಣ್ಣೆಯ ವಾಸನೆ ಸಮೇತ.

ಏಪ್ರಿಲ್‌ನಲ್ಲಿ ಸಲಿಕೆಯಿಂದ ಹಿಮ ತೆಗೆದು
ಗೆರೆಗಳಿಗೆ ಕೆಂಪು ಪುಡಿ ಸುರಿದು ಆಡುತ್ತಿದ್ದರು.
ಚೆಂಡು ಕಿತ್ತಳೆ ಬಣ್ಣದ್ದು.
ಓಡ್ವಾರ್ ಎರಡೂ ಕಂಬಗಳನ್ನು ಒಮ್ಮೊಮ್ಮೆ ಮುಟ್ಟಿ
ಇದ್ದಲ್ಲೇ ಇವೆಯೆಂದು ಖಾತ್ರಿ ಮಾಡಿಕೊಂಡು
ನಡುವೆ ನಿಂತು ಬೈಯತೊಡಗುತ್ತಿದ್ದ
ಡಿಫೆಂಡರುಗಳನ್ನು, ಗಾಳಿಯನ್ನು, ದೇವರನ್ನು,
ಅದೇ ಕ್ರಮದಲ್ಲಿ.

ಜೂನ್‌ನಲ್ಲಿ ರಾತ್ರಿ ಹನ್ನೊಂದಕ್ಕೂ
ಮುಳುಗದ ಸೂರ್ಯ ಸಮುದ್ರದಂಚಿಗೆ ಒರಗಿ
ನೇರ ಅವನ ಕಣ್ಣಿಗೆ ಹೊಡೆಯುತ್ತಿದ್ದ.
ಹಾಗೆ ಒಂದು ಗೋಲು ಬಿತ್ತು, ಊರೇ ನಕ್ಕಿತು.
ಮರುವಾರ ಅಪ್ಪನ ದೋಣಿಯ ಟೊಪ್ಪಿ ಹಾಕಿಕೊಂಡು ಬಂದ.
ಯಾರೂ ನಗಲಿಲ್ಲ.

ಇನ್ನು ಪೆನಾಲ್ಟಿ.
ಅವನು ಯಾವಾಗಲೂ ಎಡಕ್ಕೇ ಹಾರುತ್ತಾನೆ,
ಅದೊಂದು ಮೂಢನಂಬಿಕೆ ಎಂದು ಬರೆದರು ಪತ್ರಿಕೆಯವರು.
ಅಲ್ಲ. ದೋಣಿಯ ರಾಟೆಗೆ ಸಿಕ್ಕ ಬಲಭುಜ
ಬೇಕೆಂದಾಗ ಕೀಲು ಕಳಚಿಕೊಳ್ಳುತ್ತಿತ್ತು.
ಗೊತ್ತಿದ್ದದ್ದು ಅವನಿಗೆ, ನನಗೆ.
ಶವರಿನ ಹಬೆಯೊಳಗೆ ಅದನ್ನು ಒತ್ತಿ
ಮತ್ತೆ ಗೂಡಿಗೆ ಕೂರಿಸುತ್ತಿದ್ದವನೇ ನಾನು.
ಕೋಚ್‌ಗೆ ಒಂದು ಮಾತು ಹೇಳಿದ್ದರೆ
ಆ ಜೆರ್ಸಿ ನನ್ನದು.
ಎಷ್ಟೋ ಸಲ ನಾಲಗೆಯ ತುದಿಯವರೆಗೆ ಉರುಳಿ ಬಂತು.
ಹಿಡಿದುಕೊಂಡೆ.
ಇವತ್ತು ಬಿಟ್ಟೆ, ನೋಡಿ.

ಒಮ್ಮೆ ದೇಶದ ತಂಡದಿಂದ ಕರೆ ಬಂತು ಅವನಿಗೆ.
ಬ್ಯಾಂಡು ಬಾರಿಸಿ ಓಸ್ಲೋಗೆ ಕಳಿಸಿದೆವು.
ತೊಂಬತ್ತು ನಿಮಿಷ ಅವನು ಅಲ್ಲಿ ಬೆಂಚಿನ ಮೇಲಿದ್ದ,
ಟೀವಿಯಲ್ಲಿ ಕಂಡದ್ದು ಮೊಣಕಾಲು ಮಾತ್ರ.
ಮುಂದಿನ ಪಂದ್ಯಕ್ಕೆ ಹೊರಟ ಬಸ್ಸಿನಲ್ಲಿ
ಮುಂದಿನ ಸೀಟು ಬಿಟ್ಟು ಹಿಂದೆ ಬಂದು
ನನ್ನ ಪಕ್ಕ ಕೂತ.
ಮೂರು ಸುರಂಗ ದಾಟುವವರೆಗೆ ಮಾತಿಲ್ಲ.
ಆಮೇಲೆ, "ಟೋರ್ಗೈರ್,
ಬೆಂಚು ಇಷ್ಟು ತಣ್ಣಗಿರುತ್ತೇನೋ?" ಅಂದ.
ಮರುದಿನ ಒಂದು ಕುರಿಚರ್ಮ ತಂದು ಕೊಟ್ಟ, ಹಾಸಿಕೊಳ್ಳಲು.
ಇನ್ನೂ ಇದೆ ನನ್ನ ಹತ್ತಿರ.

ನಾನು ಆಡಿದ್ದು ಇಪ್ಪತ್ತಮೂರು ನಿಮಿಷ.
ಭುಜ ಕಡೆಗೂ ಎಲ್ಲರೆದುರೇ ಕಳಚಿದ ದಿನ,
ಅವನ ಕೈಗವಸು ಇನ್ನೂ ಬೆಚ್ಚಗಿತ್ತು.
ಎರಡು ಗೋಲು ಬಿಟ್ಟೆ. ಸೋತೆವು. ಕೆಳಗಿಳಿದೆವು.
ಸ್ಟ್ರೆಚರಿನ ಮೇಲಿಂದ ಅವನು ಬೈದದ್ದು
ಗಾಳಿಯನ್ನು ಮತ್ತು ದೇವರನ್ನು.
ಡಿಫೆಂಡರುಗಳನ್ನು ಬಿಟ್ಟಿದ್ದ, ನನ್ನನ್ನೂ.

ಈಗ ಆ ಕೈಗವಸು ಈ ಗಾಜಿನ ಪೆಟ್ಟಿಗೆಯಲ್ಲಿದೆ.
ಅವನೆಲ್ಲಿ ಎಂದು ಹುಡುಕಬೇಡಿ,
ಐದೂ ನಲವತ್ತಕ್ಕೆ ಹಡಗು ಬರುತ್ತದೆ.
ಧಕ್ಕೆಯ ಮೇಲೆ ನಿಂತು, ಹಡಗಿನಿಂದ ಎಸೆದ ಹಗ್ಗ ಹಿಡಿದು
ಕಂಬಕ್ಕೆ ಸುತ್ತುವುದು ಅವನ ಕೆಲಸ.
ಎಡಗೈಯಲ್ಲೇ ಹಿಡಿಯುತ್ತಾನೆ.
ಹಿಡಿಯುವ ಮುಂಚೆ, ಯಾರೂ ನೋಡುತ್ತಿಲ್ಲ ಅಂದುಕೊಂಡು,
ಆ ಕಂಬವನ್ನೊಮ್ಮೆ ಮುಟ್ಟಿ ಬರುತ್ತಾನೆ.

ನನ್ನ ಮಾತು ಮುಗಿಯಿತು.
ಥರ್ಮಾಸ್‌ನಲ್ಲಿ ಅವನ ಕಾಫಿ ಆರುತ್ತಿದೆ,
ಹೊರಡಬೇಕು.