ಕಿಸೆಯಾಗಿನ ಪ್ಲಗ್ಗು

ಹದಿನೆಂಟು ಸಾವಿರ ಅಂದ ನೇಮಣ್ಣ.
ಅಂದು, ಬಾಯೊಳಗಿನ ಅಡಕಿ ಒಂದು ದವಡಿಗೆ ಸರಿಸಿ,
‘ನಿಮಗಂತ ಹದಿನಾರು’ ಅಂದ.
ನಾ ಇನ್ನೂ ಏನೂ ಕೇಳಿದ್ದೇ ಇಲ್ಲ.

ಮಹಾಲಿಂಗಪುರದ ಬೆಲ್ಲದ ಗೋದಾಮಿನ ಹಿಂದ
ಹರಿದ ತಾಡಪತ್ರಿ ಕೆಳಗ ಕುಂತಿತ್ತು
ನಾಲ್ಕು ಗಾಲಿಯ ಬೈಕು.
ಎರಡು ಟೈರು ನೆಲಕ್ಕ ಅಂಟಿ,
ಕೆಂಪು ಬಣ್ಣ ಬಿಸಲಿಗೆ ಗಜ್ಜರಿ ಬಣ್ಣ ಆಗಿ.
ಸೀಟಿನ ಹರಕಿನಾಗ ಇರುವಿ ಸಾಲು
ಬೆಲ್ಲದ ಪುಡಿ ಹೊತ್ತು ಒಳಗ ಹೊಂಟಿತ್ತು,
ಬಾಡಿಗಿ ಇಲ್ಲದ ಮನಿಗೆ.

ಹೊಳಿ ದಂಡಿಗೆ ಯಾರೋ ರೆಸಾರ್ಟ್ ತೆಗದಿದ್ರಂತ,
ಎರಡು ಹಂಗಾಮು ನಡದು ಮುಚ್ಚಿತಂತ,
ಬಾಕಿ ರೊಕ್ಕದ ಬದಲಿಗೆ ಇದು ಬಂತಂತ.
ನೇಮಣ್ಣನ ಮಾತೆಲ್ಲಾ ಅಂತ, ಅಂತ, ಅಂತ.
ಒಂದಕ್ಕ ಮಾತ್ರ ಅಂತ ಇರಲಿಲ್ಲ:
‘ಬರೇ ಕಾರ್ಬೋರೇಟರ್ ರೀ, ಮತ್ತೇನಿಲ್ಲ.’

ಬರೇ.
ಈ ಶಬ್ದ ನನಗ ಗೊತ್ತು.
ಬರೇ ಒಂದು ಬೋಲ್ಟ್ ಸಡಲಾಗೇತಿ ಅಂತ ಕರೀತಾರ ಮಗ್ಗದ ಮಾಲಕರು,
ಹೋಗಿ ನೋಡಿದ್ರ ಕ್ರ್ಯಾಂಕು ಎರಡು ತುಂಡು.
ಬನಹಟ್ಟಿ ಓಣಿಯೊಳಗ ಮೂವತ್ತೊಂದು ವರ್ಷ
ಈ ‘ಬರೇ’ದ ಮ್ಯಾಲ ನನ್ನ ಮನಿ ನಡದೈತಿ.

ಆದರೂ ಕುಂತೆ.
ಪಾನಾ ಹಚ್ಚಿ ಪ್ಲಗ್ ಬಿಚ್ಚಿದೆ. ಕಾಡಿಗಿಯಂಥ ಮಸಿ.
ತೂತಿಗೆ ಹೆಬ್ಬಟ್ಟು ಒತ್ತಿ ಹಿಡಿದು
ಹಮಾಲ ಹುಡುಗ ರಾಜೇಸಾಬಗ ಅಂದೆ, ಎಳಿ ಹಗ್ಗ.
ಮೊದಲನೇ ಎಳತಕ್ಕ ಏನಿಲ್ಲ.
ಎರಡನೇದಕ್ಕ ತುಕ್ಕಿನ ಕೆಮ್ಮು.
ಮೂರನೇದಕ್ಕ
ಬಟ್ಟಿನ ಕೆಳಗ ಒಂದು ಉಸಿರು,
ಬಟ್ಟು ನೂಕುವಷ್ಟು ಗಟ್ಟಿ.

ನೇಮಣ್ಣಗ ತಿಳೀಬಾರದಂತ
ಹುಬ್ಬು ಗಂಟು ಹಾಕಿ ‘ರಿಂಗ್ ಹೋಗ್ಯಾವು’ ಅಂದೆ.

ಎಣ್ಣಿ ನೋಡಿದೆ, ಹಾಲು ಹೆಚ್ಚಾದ ಚಾದ ಬಣ್ಣ.
ನೀರು ಹೊಕ್ಕೇತಿ.
ಗಾಳಿ ಜಾಳಗಿಯೊಳಗ ಇಲಿ ಬಾಣಂತನ ಮಾಡಿ ಹೋಗಿತ್ತು,
ಗೋಣಿ ನಾರಿನ ಹಾಸಗಿ ಇನ್ನೂ ಮೆತ್ತಗಿತ್ತು.
ಕಾಗದ ಪತ್ರ?
‘ಕಾಗದ ಎಲ್ಲಿದು, ಇದು ರಸ್ತೆದ್ದಲ್ಲರೀ,
ಹೊಲದಾಗ ಓಡಸ್ರಿ.’
ನನಗ ಹೊಲ ಇಲ್ಲ.

ಚಾದಂಗಡಿಯಾಗ ಬೀಡಿ ಕಟ್ಟಿನ ಮ್ಯಾಲ ಲೆಕ್ಕ ಬರದೆ.
ಟೈರು, ಬ್ಯಾಟ್ರಿ, ಟೆಂಪೋದ ಬಾಡಿಗಿ.
ಜಾಗ ಮುಗೀತು, ಲೆಕ್ಕ ಮುಗೀಲಿಲ್ಲ.
ಮಾಲವ್ವಗ ಫೋನ್ ಹಚ್ಚಿದೆ.
ಆಕಿ ಹಿಂದ ಮಗ್ಗ ಬಡಕೊಳ್ಳಾಕತ್ತಿತ್ತು.
‘ಎದಕ್ಕ ಅದು?’
ಬೀಮು ಸಾಗಸಾಕ ಅಂದೆ.
‘ನಮ್ಮ ಓಣಿ ಎಷ್ಟು ಅಗಲ?’
ಅದು ಆಕಿಗೇ ಗೊತ್ತು. ಮದುವಿ ವರ್ಷ
ತವರಿನ ತಿಜೋರಿ ಒಳಗ ಬರಲಾರದ ಹೊಳ್ಳಿ ಹೋಗಿತ್ತು.
ಅಗ್ಗದ ಮಾಲು ಮುಗ್ಗಿದ ಜೋಳ ಅಂತ ಆಕಿ ಅನ್ನಲಿಲ್ಲ.
ಆಕಿ ಪರವಾಗಿ ನಾನೇ ಅಂದುಕೊಂಡೆ.

ಖರೇ ಕಾರಣ ಹೆಂಗ ಹೇಳಲಿ?
ಇಷ್ಟು ವರ್ಷ ನನ್ನ ಕೈಯಾಗ ಜೀವ ಬಂದ ಯಂತ್ರದಾಗ
ಒಂದೂ ನಿಂತ ಜಾಗಾ ಬಿಟ್ಟು ಹೋಗಿಲ್ಲ.
ಲಾಳಿ ದಿನಕ್ಕ ಎಷ್ಟು ಹರದಾರಿ ಓಡತೈತೋ,
ಎಲ್ಲಾ ಒಂದೂವರಿ ಗಜದಾಗ.
ಸುದ್ದ ಆದ ಮ್ಯಾಲ ಒಂದರ
ನನ್ನ ಕೂಡ್ರಿಸಿಕೊಂಡು ಎದ್ದು ಹೋಗಲಿ.
ದೂರ ಬ್ಯಾಡ.
ಹೊಳಿ ಉಸುಕಿನ ತನಕ.

‘ನಾಳೆ ಹೇಳತೀನಿ’ ಅಂದು ಎದ್ದೆ.
ಬೆನ್ನ ಹಿಂದ ‘ಹದಿನಾಲ್ಕು’ ಅಂತ ಬಂತು.
ಹೊಳ್ಳಿ ನೋಡಲಿಲ್ಲ.

ಬಸ್ಸಿನಾಗ ಏನೋ ತೊಡಿಗೆ ಚುಚ್ಚತಿತ್ತು.
ಕಿಸೆಯಾಗ ಕೈ ಹಾಕಿದ್ರ ಪ್ಲಗ್ಗು.
ತಿರುಗಿ ಹಚ್ಚೂದು ಮರತಿದ್ದೆ.
ಮರತಿದ್ದೆ ಅಂತ ನನಗ ನಾನೇ ಎರಡು ಸಲ ಹೇಳಿಕೊಂಡೆ.

ರಾತ್ರಿ ಕಟ್ಟಿ ಮ್ಯಾಲ ತಂತಿ ಬ್ರಶ್ಶು ಹಿಡಕೊಂಡು
ಮಸಿ ತಿಕ್ಕತಿದ್ದೆ. ಒಳಗಿನ ಬಿಳುಪು ಕಾಣಾಕತ್ತಿತು.
ಮಾಲವ್ವ ಬಾಗಲಾಗ ನಿಂತು ನೋಡಿದ್ಲು.
‘ಮಂದಿ ಒಡವಿ, ಕೊಟ್ಟು ಬರಬೇಕು’ ಅಂದೆ.
‘ಹೌದು’ ಅಂದ್ಲು.
ಒಳಗ ಹೋಗಿ, ದೀಪ ಆರಿಸಿ, ಕತ್ತಲದಾಗಿಂದ:
‘ಹನ್ನೆರಡಕ್ಕ ಕೇಳು.’