ಅಸ್ತರು

ಮೂರು ತಿಂಗಳು ಹಿಡಿಯಿತು, ನಗಬೇಡಿ.
ಬ್ಯಾಲರಾಟಿನಲ್ಲಿ ಜುಲೈ ಅಂದರೆ
ಬೆರಳು ಸೂಜಿಯ ಮಾತು ಕೇಳದಷ್ಟು ಚಳಿ.
ಸ್ಟರ್ಟ್ ಬೀದಿಯ ನನ್ನ ಆಲ್ಟರೇಶನ್ ಅಂಗಡಿಯಲ್ಲಿ
ಯಾರದೋ ಪ್ಯಾಂಟಿನ ಅಂಚು ಮಡಿಸುತ್ತ
ಬಿಲ್ ಪುಸ್ತಕದ ಬೆನ್ನಿಗೆ ಪಟ್ಟಿ ಬರೆದೆ, ಹೊಡೆದೆ, ಮತ್ತೆ ಬರೆದೆ:
ಪ್ರೊಸೆಸರ್. ಬೋರ್ಡು. ರ‍್ಯಾಮ್ ಮೂವತ್ತೆರಡು.
ಇಲ್ಲಿ ಇಪ್ಪತ್ತು ಡಾಲರು ಉಳಿಸಿದರೆ ಅಲ್ಲಿ ಮೂವತ್ತು ಕೈಬಿಡುತ್ತದೆ.
ಒಂದೂವರೆ ಮೀಟರಿನಲ್ಲಿ ತುಂಬುತೋಳಿನ ಅಂಗಿ ಕೇಳುವವರ ಹಾಗೆ
ನನ್ನೊಡನೆ ನಾನೇ ಚೌಕಾಸಿಗೆ ಕೂತೆ.

ಹಳೆಯ ಲ್ಯಾಪ್‌ಟಾಪ್ ಸತ್ತದ್ದು ಸೇತುವೆಯ ಮೇಲೆ,
ಆಟದ ಸೇತುವೆ. ಐದು ಜನ ನಾವು, ಎದುರಿಗೆ ಕಲ್ಲಿನ ರಾಕ್ಷಸ.
ಗುರಾಣಿ ಹಿಡಿದು ಮುಂದೆ ನಿಲ್ಲುವುದು ನನ್ನ ಕೆಲಸ.
ನಿಂತೆ. ನಿಂತೇಬಿಟ್ಟೆ, ಚಿತ್ರ ಹೆಪ್ಪುಗಟ್ಟಿ.
ಬಿಟ್ಟುಕೊಳ್ಳುವ ಹೊತ್ತಿಗೆ ಹಿಂದಿದ್ದ ನಾಲ್ವರೂ ಮಲಗಿದ್ದರು.
ಯಾರೂ ಬೈಯಲಿಲ್ಲ. ಪರ್ತ್‌ನ ಹುಡುಗನೊಬ್ಬ ಬರೆದ:
"ನಿದ್ದೆ ಮಾಡು ತಮ್ಮಾ, ನಾಳೆ ನೋಡೋಣ."
ನನಗೆ ಐವತ್ತಮೂರು. ಹೇಳಿಲ್ಲ ಅವನಿಗೆ.

ಪ್ರೊಸೆಸರಿಗೂ ಬೋರ್ಡಿಗೂ ಕೂಡಬೇಕು,
ಕೂಡದಿದ್ದರೆ ಕೂಡದು, ಅಷ್ಟೇ ಮಾತು.
ನನ್ನ ಮದುವೆಗೆ ಮೂವತ್ತಾರರಲ್ಲಿ ಮೂವತ್ತೊಂದು ಗುಣ ಕೂಡಿತ್ತು.
ಈ ಪಿನ್ನುಗಳು ಸುಳ್ಳು ಹೇಳುವುದಿಲ್ಲ.

"ಮಗನಿಗಾ?" ಕೇಳಿದ ಕಂಪ್ಯೂಟರ್ ಅಂಗಡಿಯ ಹುಡುಗ,
ಎದೆಯ ಬಿಲ್ಲೆಯಲ್ಲಿ ಸ್ಟಾವ್ರೊಸ್ ಅಂತಿತ್ತು.
"ನನಗೆ."
ಅವನು ನಗಲಿಲ್ಲ. ಕುತ್ತಿಗೆ ಕೆರೆದುಕೊಂಡ.
"ಆಟದಲ್ಲಿ ನೀವು ಯಾರು?"
"ಗುರಾಣಿ."
"ಹಾಗಾದರೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಜಿಪುಣತನ ಬೇಡ," ಅಂದ
ಮನೆವೈದ್ಯನ ದನಿಯಲ್ಲಿ.
ಪವರ್ ಸಪ್ಲೈ ಏಳುನೂರೈವತ್ತು ವಾಟ್,
ಬೇಕಾದ್ದಕ್ಕಿಂತ ಹೆಚ್ಚೇ, ಇರಲಿ,
ಬೆಳೆಯುವ ಹುಡುಗಿಯ ಲಂಗಕ್ಕೆ ಒಳಮಡಿಕೆ ಬಿಟ್ಟ ಹಾಗೆ.

ಕಾರ್ಡು ಮುನ್ನೂರ ಇಪ್ಪತ್ತೆಂಟು ಮಿಲಿಮೀಟರ್,
ನಾನು ಮೆಚ್ಚಿದ ಕೇಸಿನ ಹೊಟ್ಟೆ ಮುನ್ನೂರ ಇಪ್ಪತ್ತು.
ಕೊರಳಿನ ಟೇಪ್ ಎಳೆದು ಎರಡು ಸಲ ಅಳೆದೆ.
ಬಟ್ಟೆಯಾಗಿದ್ದರೆ ಪಕ್ಕ ಬಿಚ್ಚಿ ಎಂಟು ಮಿಲಿ ಬಿಡುತ್ತಿದ್ದೆ,
ತಗಡು ಬಿಚ್ಚಿಕೊಡುವುದಿಲ್ಲ.
ಬೇರೆಯದು ತಗೊಂಡೆ, ಬೂದು ಬಣ್ಣದ್ದು, ಕಿಟಕಿಯಿಲ್ಲದ್ದು.
ಗಾಜಿನ ಬಾಗಿಲು, ಕುಣಿಯುವ ದೀಪ ಬೇಡವೆಂದೆ.
ದುಡ್ಡೂ ಇರಲಿಲ್ಲ ಅನ್ನಿ.

ಭಾನುವಾರ. ಬಟ್ಟೆ ಕತ್ತರಿಸುವ ಮೇಜು ಖಾಲಿ ಮಾಡಿ ಕೂತೆ.
ರ‍್ಯಾಮ್ ಒತ್ತುವಾಗ ಹೆಬ್ಬೆರಳಿಗೆ ನಡುಕ,
ಮುರಿಯಿತೇನೋ ಅನ್ನುವಷ್ಟರಲ್ಲಿ
ಟಿಚ್ ಬಟನ್ನಿನದೇ ಸದ್ದು!
ತಂತಿಗಳನ್ನು ಬೋರ್ಡಿನ ಹಿಂದೆ ಎಳೆದು, ಮಟ್ಟಸ ಮಾಡಿ, ಕಟ್ಟಿದೆ.
"ರವಿಕಿ ತಿರುವಿ ನೋಡು, ದರ್ಜಿ ಗೊತ್ತಾಗ್ತಾಳ" ಅನ್ನುತ್ತಿದ್ದಳು
ಗದಗಿನಲ್ಲಿ ನನಗೆ ಹೊಲಿಗೆ ಕಲಿಸಿದ ಹಜರತಬಿ.
ಸ್ವಿಚ್ ಒತ್ತಿದೆ. ತೆರೆ ಕಪ್ಪು.
ಎಲ್ಲ ಬಿಚ್ಚಿದೆ, ಎಲ್ಲ ಹಾಕಿದೆ, ಕಪ್ಪು.
ಎರಡು ಗಂಟೆ ಕಳೆದ ಮೇಲೆ ಕಂಡಿತು,
ಮಾನಿಟರಿನ ತಂತಿ ಪಕ್ಕದ ಮನೆಯ ತೂತಿಗೆ ಹೋಗಿತ್ತು.

ಬಿಲ್ಲಿನಲ್ಲಿ ಒಂದು ಸಾಲು ನಿಮಗೆ ಹೇಳಲಿಲ್ಲ:
ಫ್ಯಾನು ಒಂದು, ಕೆಂಪು ದೀಪದ್ದು.
"ಮುಚ್ಚಿದ ತಗಡಿನೊಳಗೆ ಯಾರು ನೋಡುತ್ತಾರೆ?" ಅಂದಿದ್ದ ಸ್ಟಾವ್ರೊಸ್.
ನನ್ನ ಗಿರಾಕಿ ವಕೀಲೆಯೊಬ್ಬಳು ಕಪ್ಪು ಕೋಟಿನೊಳಗೆ
ನನ್ನ ಪೆಟ್ಟಿಗೆಯ ಕೆಂಪು ಖಣ ಕೇಳಿ, ಅಸ್ತರು ಹಾಕಿಸಿಕೊಂಡಳು.
ಕೋರ್ಟಿನಲ್ಲಿ ಅವಳು ಗುಂಡಿ ಬಿಚ್ಚುವುದೇ ಇಲ್ಲ.

ರಾತ್ರಿ ಹನ್ನೊಂದು. ಅದೇ ಸೇತುವೆ.
"ಬಂದೆಯಾ ತಮ್ಮಾ?"
ಬಂದೆ ಎಂದು ಬರೆದು ಗುರಾಣಿ ಎತ್ತಿದೆ.
ಹಿಂಬದಿಯ ಜಾಲರಿಯಿಂದ ಒಂದು ಗೇಣು ಕೆಂಪು ಸೋರಿ,
ನಾಳೆ ಕೊಡಬೇಕಾದ ಮದುವೆಯ ಬಿಳಿ ಗೌನಿಗೆ
ಅಂಚು ಹಾಕಿತ್ತು.